ಸೈಕೆಡೆಲಿಕ್‌ಗಳ ಬಗ್ಗೆ ಓದಬೇಕೆಂದಿದ್ದೇನೆ, ಎಲ್ಲಿಂದ ಹೊರಡಲಿ?

ಪ್ರಶ್ನೆ: ನಾನು ಉಡುಪಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಓದುತ್ತಿರುವ ಅಂತಿಮ ವರ್ಷದ ಪದವಿ ವಿದ್ಯಾರ್ಥಿನಿ. ಎಲ್‌ಎಸ್‌ಡಿ, ಸೈಲೊಸೈಬಿನ್ ಮುಂತಾದ, ಭ್ರಮೆಯಂಥ ಅನುಭವ ತರುವ ಸೈಕೆಡೆಲಿಕ್ ವಸ್ತುಗಳಿಂದ ಖಿನ್ನತೆಗೆ ಚಿಕಿತ್ಸೆ ಎಂಬ ಸುದ್ದಿಗಳನ್ನು ಓದಿ ಆಸಕ್ತಿ ಹುಟ್ಟಿದೆ. ಮಿದುಳಿನ ವಿಜ್ಞಾನ, ಚಿಕಿತ್ಸೆ, ತತ್ತ್ವಶಾಸ್ತ್ರ, ಜನಪದ ಆಚರಣೆ ಎಲ್ಲವನ್ನೂ ಸೇರಿಸಿ ಇದನ್ನು ಅಧ್ಯಯನ ಮಾಡುವ ಆಸೆ. ಭಾರತದಲ್ಲಿ ಅದು ಸಾಧ್ಯವೇ? ಯಾವ ವಿಷಯದಿಂದ ಹೊರಡಬೇಕು? ಸ್ವತಃ ಸೇವಿಸದೆ ಇದು ಅರ್ಥವಾಗದು ಎಂದು ಗೆಳೆಯರು ಹೇಳುತ್ತಾರೆ. ಭೂತಕೋಲದಲ್ಲಿ ದರ್ಶನ, ಅಂದರೆ ಮೈಮೇಲೆ ದೈವ ಬರುವುದರ ಹಿಂದೆಯೂ ಇಂಥದ್ದೇ ಏನೋ ಇದೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಮನೆಯಲ್ಲಿ ವಿಷಯ ಎತ್ತಿದರೆ ‘ಗಾಂಜಾ ಓದಲು ಹೊರಟಿದ್ದಾಳೆ’ ಎಂದು ಅಪ್ಪ ಗದರುತ್ತಾರೆ.

ಉತ್ತರ: ನಿಮ್ಮ ಗೆಳೆಯರ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳು ಒಂದೆರಡು ವರ್ಷ ಕಾಯಬಲ್ಲವು, ಇದು ಕಾಯುವುದಿಲ್ಲ. ಸೇವಿಸದೆ ಅರ್ಥವಾಗದು ಎಂಬ ವಾದ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಜೀವನವಿಡೀ ಸ್ಕಿಜೋಫ್ರೇನಿಯಾ ರೋಗಿಗಳೊಂದಿಗೆ ಕಳೆದ ಮನೋವೈದ್ಯರಿಗೆ ಒಂದು ದಿನವೂ ಇಲ್ಲದ ಧ್ವನಿ ಕೇಳಿಸಿರುವುದಿಲ್ಲ. ಅವರಿಗೆ ಆ ರೋಗ ಅರ್ಥವಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಈ ಕ್ಷೇತ್ರದ ಇತಿಹಾಸ ನೋಡಿದರೂ ಗೆಳೆಯರ ವಾದ ನಿಲ್ಲುವುದಿಲ್ಲ. 1960ರ ದಶಕದ ಆರಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಿಮೊಥಿ ಲಿಯರಿ ಮತ್ತು ರಿಚರ್ಡ್ ಆಲ್ಪರ್ಟ್ ಸಂಶೋಧಕರಾಗಿ ಆರಂಭಿಸಿ, ತಾವೂ ಸೇವಿಸುತ್ತ, ಪ್ರಚಾರಕರಾಗಿ ಬದಲಾದರು. 1963ರಲ್ಲಿ ಇಬ್ಬರೂ ಕೆಲಸ ಕಳೆದುಕೊಂಡರು. (ಆಲ್ಪರ್ಟ್ ಆಮೇಲೆ ನಮ್ಮ ದೇಶಕ್ಕೆ ಬಂದು ನೀಮ್ ಕರೋಲಿ ಬಾಬಾ ಅವರ ಶಿಷ್ಯರಾಗಿ ರಾಮ್ ದಾಸ್ ಆದರು, ಅದು ಬೇರೆಯೇ ಕಥೆ.) ಆ ಉತ್ಸಾಹದ ಸಾಲವನ್ನು ತೀರಿಸಿದವರು ಮುಂದಿನ ತಲೆಮಾರಿನ ಸಂಶೋಧಕರು. ಅವರಿಗೆ ದಶಕಗಟ್ಟಲೆ ಅನುಮತಿಯೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

ಮಂಗಳೂರಿನಲ್ಲಿ ವೈದ್ಯೆಯಾದ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹುಡುಗರು ತಾವು ನಾಲಿಗೆಯ ಮೇಲಿಟ್ಟುಕೊಂಡದ್ದು ಎಲ್‌ಎಸ್‌ಡಿಯೇ ಎಂದು ಆಣೆ ಮಾಡಿ ಹೇಳುತ್ತಾರೆ. ಅವರಿಗೆ ನಿಜವಾಗಿ ಗೊತ್ತಿರುವುದು ಆ ಕಾಗದದ ಚೂರಿನ ಮೇಲಿದ್ದ ಚಿತ್ರ ಮಾತ್ರ. ಎನ್‌ಬೋಮ್ ಎಂದು ಕರೆಯುವ ಸಂಶ್ಲೇಷಿತ ವಸ್ತುಗಳು ಅಂಥದ್ದೇ ಕಾಗದದಲ್ಲಿ ಎಲ್‌ಎಸ್‌ಡಿ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವುಗಳಿಂದ ಸೆಳೆತ (ಫಿಟ್ಸ್) ಬಂದು, ಮೈ ಕಾವೇರಿ ಸಾವು ಸಂಭವಿಸಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಸಲಿ ಸೈಕೆಡೆಲಿಕ್ ಕೂಡ ಸೆಳೆತ ತರಿಸಿದ ವರದಿಗಳಿವೆ. ಕುಟುಂಬದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಇರುವವರನ್ನು ವೈದ್ಯಕೀಯ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಹಾಸ್ಟೆಲ್ ಕೋಣೆಯಲ್ಲಿ ಇದನ್ನೆಲ್ಲ ಕೇಳುವವರು ಯಾರು? ಕಾನೂನಿನ ಮಾತೂ ಇದೆ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿಯ ‘ವಾಣಿಜ್ಯ ಪ್ರಮಾಣ’ ಆರಂಭವಾಗುವುದು 0.1 ಗ್ರಾಂಗೆ. ಅದನ್ನು ಮೀರಿದರೆ ಶಿಕ್ಷೆ ಹತ್ತು ವರ್ಷದಿಂದ ಶುರು. ಗೆಳೆಯರಲ್ಲಿ ಯಾರಿಗಾದರೂ ಈಗಾಗಲೇ ತೊಂದರೆಯಾಗಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಅಪ್ಪನ ಗಾಂಜಾ. ಗಾಂಜಾ ಕೆಲಸ ಮಾಡುವುದು ಕ್ಯಾನಬಿನಾಯ್ಡ್ ಗ್ರಾಹಕಗಳ (ರಾಸಾಯನಿಕ ಸಂದೇಶ ಹಿಡಿಯುವ, ಕೋಶದ ಮೇಲಿನ ಕೊಂಡಿಗಳ) ಮೇಲೆ; ಅದು ಈ ಗುಂಪಿಗೆ ಸೇರುವುದಿಲ್ಲ. ಬೇಲಿಬದಿಯ ಉಮ್ಮತ್ತಿಯೂ ಸೇರುವುದಿಲ್ಲ, ಅದು ಶುದ್ಧ ವಿಷ, ಭ್ರಮೆಗಿಂತ ಮೊದಲು ಸನ್ನಿ ಹಿಡಿಸುತ್ತದೆ. ಎಕ್ಸ್ಟಸಿ ಎಂದೂ ಕರೆಯುವ ಎಂಡಿಎಂಎ ಮತ್ತು ಅರಿವಳಿಕೆಯ ಔಷಧ ಕೀಟಮಿನ್ ಸುದ್ದಿಗಳಲ್ಲಿ ಸೈಕೆಡೆಲಿಕ್ ಎಂದೇ ಕಾಣಿಸಿಕೊಂಡರೂ ಅವುಗಳ ಕೆಲಸದ ದಾರಿ ಬೇರೆ. ಶಿಷ್ಟ ಅರ್ಥದಲ್ಲಿ ಸೈಕೆಡೆಲಿಕ್ ಎಂದರೆ ಎಲ್‌ಎಸ್‌ಡಿ, ಕೆಲವು ಅಣಬೆಗಳಲ್ಲಿರುವ ಸೈಲೊಸೈಬಿನ್, ಪೆಯೋಟಿ ಕಳ್ಳಿಯ ಮೆಸ್ಕಲಿನ್ ಮತ್ತು ಡಿಎಂಟಿ. ಮಿದುಳಿನ ಸೆರೊಟೋನಿನ್ 2ಎ ಗ್ರಾಹಕವನ್ನು ಪ್ರಚೋದಿಸುವುದೇ ಇವುಗಳ ಮುಖ್ಯ ಕೆಲಸ. ಇದು ಊಹೆಯಲ್ಲ. 1998ರಲ್ಲಿ ಜ್ಯೂರಿಕ್‌ನ ಫ್ರಾಂಜ್ ಫೋಲೆನ್‌ವೈಡರ್ ತಂಡ ಸ್ವಯಂಸೇವಕರಿಗೆ ಮೊದಲು ಕೆಟಾನ್ಸೆರಿನ್ ಎಂಬ, ಆ ಗ್ರಾಹಕವನ್ನು ಮುಚ್ಚುವ ಔಷಧ ಕೊಟ್ಟು ಅನಂತರ ಸೈಲೊಸೈಬಿನ್ ಕೊಟ್ಟಿತು. ಭ್ರಮೆಯಂಥ ಪರಿಣಾಮಗಳು ಕಾಣಿಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಅಚ್ಚುಕಟ್ಟಾದ ಪ್ರಯೋಗ ಅದೇ. ಅದಾದ ಮೇಲೆ ಬಂದ ಬಣ್ಣಬಣ್ಣದ ಮಿದುಳಿನ ಚಿತ್ರಗಳ ವಿಷಯದಲ್ಲಿ ಸ್ವಲ್ಪ ಹಿಡಿತವಿರಲಿ. ‘ನಾನು’ ಎಂಬ ಭಾವಕ್ಕೆ ಸಂಬಂಧಿಸಿದೆ ಎನ್ನಲಾದ ಮಿದುಳಿನ ಜಾಲವೊಂದು ಸೈಲೊಸೈಬಿನ್ ಪ್ರಭಾವದಲ್ಲಿ ತಣ್ಣಗಾಗುತ್ತದೆ ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 2012ರಲ್ಲಿ ವರದಿ ಮಾಡಿತು. ‘ಅಹಂಕಾರದ ಕೇಂದ್ರ ಸಿಕ್ಕಿತು’ ಎಂದು ಪತ್ರಿಕೆಗಳು ಬರೆದವು. ಆ ಜಾಲ ನಿದ್ದೆಯಲ್ಲೂ ಧ್ಯಾನದಲ್ಲೂ ಬೇರೆ ಔಷಧಗಳಿಂದಲೂ ಬದಲಾಗುತ್ತದೆ ಎಂಬುದನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಯಾರೂ ಬರೆಯಲಿಲ್ಲ.

ಚಿಕಿತ್ಸೆಗೆ ಬರೋಣ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಡೆದ ಪ್ರಯೋಗಗಳ ವಿಧಾನವನ್ನು ಓದಿದರೆ ಅಲ್ಲಿ ಆಸ್ಪತ್ರೆಯ ವಾಸನೆಯೇ ಇಲ್ಲ. ಸೋಫಾ ಇರುವ, ಬೈಠಕ್ ಖಾನೆಯಂಥ ಕೋಣೆ. ವ್ಯಕ್ತಿ ಮಲಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮೊದಲೇ ಆರಿಸಿಟ್ಟ ಸಂಗೀತವನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾನೆ. ಇಬ್ಬರು ಮಾರ್ಗದರ್ಶಕರು ಆರೆಂಟು ಗಂಟೆ ಪಕ್ಕದಲ್ಲೇ ಕುಳಿತಿರುತ್ತಾರೆ. ಮಾತ್ರೆಯ ದಿನಕ್ಕೆ ಮೊದಲು ಹಲವು ಗಂಟೆಗಳ ಮಾತುಕತೆ ಆಗಿರುತ್ತದೆ, ಆಮೇಲೆಯೂ ಆಗುತ್ತದೆ. ಭಯವಾದರೆ ಓಡಬೇಡ, ಅದರ ಎದುರಿಗೇ ನಿಲ್ಲು ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಗುಣಪಡಿಸಿದ್ದು ಮಾತ್ರೆಯೇ, ಮಾತೇ, ಅಥವಾ ಒಬ್ಬ ಖಿನ್ನ ಮನುಷ್ಯನಿಗಾಗಿ ಇಬ್ಬರು ಇಡೀ ದಿನ ಕೊಟ್ಟದ್ದೇ? ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ನೀವು ಈ ಕ್ಷೇತ್ರಕ್ಕೆ ಬರುವುದಾದರೆ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಏಕೆ ಇತ್ಯರ್ಥವಾಗಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ಅಸಲಿ, ಅರ್ಧ ಜನರಿಗೆ ಹುಸಿ ಮಾತ್ರೆ ಕೊಡುತ್ತೇವೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತಿರಬಾರದು. ರಕ್ತದೊತ್ತಡದ ಮಾತ್ರೆಗೆ ಇದು ಸುಲಭ. ಆದರೆ ಸೈಲೊಸೈಬಿನ್ ತೆಗೆದುಕೊಂಡವನಿಗೆ ಒಂದು ಗಂಟೆಯಲ್ಲಿ ಗೋಡೆ ಉಸಿರಾಡತೊಡಗುತ್ತದೆ, ಹುಸಿ ಮಾತ್ರೆಯವನು ಛಾವಣಿ ನೋಡುತ್ತ ಮಲಗಿರುತ್ತಾನೆ. ಗುಟ್ಟು ಅಲ್ಲಿಗೇ ರಟ್ಟು. ಅಸಲಿ ಸಿಕ್ಕವನ ನಿರೀಕ್ಷೆ ಮುಗಿಲು ಮುಟ್ಟುತ್ತದೆ. ವರ್ಷಗಟ್ಟಲೆ ಕಾದು ಪ್ರಯೋಗಕ್ಕೆ ಸೇರಿ ಹುಸಿ ಸಿಕ್ಕವನ ನಿರಾಸೆಯೂ ಅಷ್ಟೇ ದೊಡ್ಡದು. ಖಿನ್ನತೆಯನ್ನು ಅಳೆಯುವಾಗ ಈ ಎರಡೂ ಅಂಕಗಳಲ್ಲಿ ಸೇರಿಕೊಳ್ಳುತ್ತವೆ. ಪರದೇಶಗಳ ಐಟಿ ಮಂದಿಯಿಂದ ಬೆಂಗಳೂರಿನವರೆಗೆ ಹಬ್ಬಿರುವ ಅತ್ಯಲ್ಪ ಪ್ರಮಾಣದ ಸೇವನೆಯ ಗೀಳನ್ನೇ ನೋಡಿ. ಇಂಪೀರಿಯಲ್ ಕಾಲೇಜಿನವರು 2021ರಲ್ಲಿ 191 ಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ಭಾಗವಹಿಸಿದವರು ತಮ್ಮಿಂದಲೇ ಗುಟ್ಟು ಮುಚ್ಚಿಟ್ಟುಕೊಳ್ಳುವಂಥ ಉಪಾಯ ಅದರಲ್ಲಿತ್ತು. ಸೇವಿಸಿದವರಿಗೆ ಒಳ್ಳೆಯದಾಯಿತು, ಖಾಲಿ ಗುಳಿಗೆ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದಾಯಿತು.

ಹಾಗೆಂದು ಎಲ್ಲವೂ ಪೊಳ್ಳು ಎಂದು ಭಾವಿಸಬೇಡಿ. ಔಷಧಗಳಿಗೆ ಬಗ್ಗದ ಖಿನ್ನತೆಯಿರುವ 233 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 25 ಮಿಲಿಗ್ರಾಂ ಸೈಲೊಸೈಬಿನ್ ಪಡೆದವರ ಖಿನ್ನತೆಯ ಅಂಕ ಮೂರು ವಾರದಲ್ಲಿ ಸರಾಸರಿ 12ರಷ್ಟು ಇಳಿಯಿತು. ಹೋಲಿಕೆಗಾಗಿ 1 ಮಿಲಿಗ್ರಾಂ ಪಡೆದವರಲ್ಲಿ ಇಳಿದದ್ದು 5.4. ಒಂದೇ ಸಲದ ಮಾತ್ರೆಗೆ ಇದು ಸಣ್ಣ ಮಾತಲ್ಲ. ಆದರೆ ಹನ್ನೆರಡನೆಯ ವಾರದವರೆಗೂ ಪ್ರಯೋಜನ ಉಳಿದದ್ದು ಆ 25 ಮಿಲಿಗ್ರಾಂ ಗುಂಪಿನ ಐವರಲ್ಲಿ ಒಬ್ಬರಿಗೆ. ಅದರ ಹಿಂದಿನ ವರ್ಷ 59 ರೋಗಿಗಳಲ್ಲಿ ಸೈಲೊಸೈಬಿನ್ನನ್ನು ನಮ್ಮಲ್ಲೂ ದಿನನಿತ್ಯ ಬರೆದುಕೊಡುವ ಎಸಿಟಲೊಪ್ರಾಮ್ ಜೊತೆ ಹೋಲಿಸಿದಾಗ, ಮೊದಲೇ ನಿಗದಿಪಡಿಸಿದ ಮುಖ್ಯ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಸೈಲೊಸೈಬಿನ್ ಮತ್ತು ಎಂಡಿಎಂಎ ಬರೆದುಕೊಡಲು ಅವಕಾಶ ಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಚಿಕಿತ್ಸೆಯ ಅರ್ಜಿಯನ್ನು ಹಿಂದಕ್ಕೆ ಕಳುಹಿಸಿತು. ಅದೇ ತಿಂಗಳು ಎಂಡಿಎಂಎ ಕುರಿತ ಮೂರು ಪ್ರಬಂಧಗಳನ್ನು ಪ್ರಯೋಗದ ಸ್ಥಳದಲ್ಲಿ ನಡೆದ ಅನೈತಿಕ ನಡವಳಿಕೆಯ ಕಾರಣಕ್ಕೆ ಒಂದು ನಿಯತಕಾಲಿಕ ವಾಪಸು ಪಡೆಯಿತು. ಔಷಧದ ಪ್ರಭಾವದಲ್ಲಿ ಮನುಷ್ಯ ಬಾಗಿಲು ತೆರೆದಿಟ್ಟ ಮನೆಯಂತಾಗುತ್ತಾನೆ. ಒಳಗೆ ಬಂದವರು ಹೇಗೆ ನಡೆದುಕೊಂಡರು ಎಂದು ಕಾಯುವ ವ್ಯವಸ್ಥೆ ಇನ್ನೂ ಹದಕ್ಕೆ ಬಂದಿಲ್ಲ.

ಹಳೆಯ ಅಧ್ಯಾಯಗಳು ಇನ್ನೂ ಕಪ್ಪು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ವ್ಯಸನಿ ಕೈದಿಗಳಿಗೆ, ಹೆಚ್ಚಾಗಿ ಕಪ್ಪು ಜನರಿಗೆ, 77 ದಿನ ಸತತವಾಗಿ ಎಲ್‌ಎಸ್‌ಡಿ ಕೊಟ್ಟ ಪ್ರಯೋಗವನ್ನು ಒಮ್ಮೆ ಓದಿಕೊಳ್ಳಿ. ನೈತಿಕ ಸಮಿತಿಯ ಅರ್ಜಿ ನಮೂನೆಗಳು ಅಷ್ಟು ಉದ್ದ ಏಕೆ ಎಂದು ಆಮೇಲೆ ನೀವು ಗೊಣಗುವುದಿಲ್ಲ.

ಈಗ ತತ್ತ್ವಶಾಸ್ತ್ರ. ನೀವು ಉಡುಪಿಯವರು ಎಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 1962ರ ಗುಡ್ ಫ್ರೈಡೇಯಂದು ಬೋಸ್ಟನ್‌ನ ಒಂದು ಪ್ರಾರ್ಥನಾಲಯದ ನೆಲಮಾಳಿಗೆಯಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯ 20 ದೇವಶಾಸ್ತ್ರ ವಿದ್ಯಾರ್ಥಿಗಳನ್ನು ಕೂರಿಸಿ, ಹತ್ತು ಮಂದಿಗೆ ಸೈಲೊಸೈಬಿನ್, ಹತ್ತು ಮಂದಿಗೆ ಮುಖ ಕೆಂಪಗಾಗಿಸುವ ನಿಯಾಸಿನ್ ಕೊಟ್ಟರು. ಸೈಲೊಸೈಬಿನ್ ಪಡೆದವರಲ್ಲಿ ಹೆಚ್ಚಿನವರು ಗಾಢ ಧಾರ್ಮಿಕ ಅನುಭವವಾಯಿತೆಂದರು. (ಒಬ್ಬನ ತಳಮಳ ಕೈಮೀರಿದ್ದರಿಂದ ಶಾಂತಗೊಳಿಸುವ ಚುಚ್ಚುಮದ್ದು ಕೊಡಬೇಕಾಯಿತು. ಈ ಸಂಗತಿಯನ್ನು ಪಾಂಕೆ ಬರೆಯಲಿಲ್ಲ, 1991ರಲ್ಲಿ ರಿಕ್ ಡಾಬ್ಲಿನ್ ಹುಡುಕಿ ತೆಗೆದರು.) ಅನುಭಾವವನ್ನು ಅಳೆಯಲು ಪಾಂಕೆ ಬಳಸಿದ ಲಕ್ಷಣಗಳು ಬಂದದ್ದು ಡಬ್ಲ್ಯು. ಟಿ. ಸ್ಟೇಸ್ ಎಂಬ ತತ್ತ್ವಶಾಸ್ತ್ರಜ್ಞರಿಂದ. ಎಲ್ಲ ಧರ್ಮಗಳ ಅನುಭಾವಿಗಳೂ ಕೊನೆಗೆ ಕಾಣುವುದು ಒಂದೇ, ಅದು ಏಕತ್ವ ಎಂಬುದು ಸ್ಟೇಸ್ ಅವರ ನಿಲುವು. ಬಾಲ್ಟಿಮೋರ್ ಮುಂತಾದ ಇಂದಿನ ಪ್ರಯೋಗಾಲಯಗಳಲ್ಲಿ ಬಳಸುವ ಮೂವತ್ತು ಪ್ರಶ್ನೆಗಳ ಅನುಭಾವ ಪ್ರಶ್ನಾವಳಿ ಈ ವಂಶದ ಕೂಸು. ‘ಎಲ್ಲವೂ ಒಂದೇ’ ಎಂಬ ಅರಿವು ಉಂಟಾಯಿತೇ, ಪರಮ ಸತ್ಯದೊಂದಿಗೆ ಒಂದಾದಂತೆ ಅನ್ನಿಸಿತೇ ಎಂದು ಅದು ಕೇಳುತ್ತದೆ. 0ಯಿಂದ 5ರವರೆಗೆ ಅಂಕ. ನಾಲ್ಕು ವಿಭಾಗಗಳಲ್ಲೂ ಶೇಕಡಾ 60 ಬಂದರೆ ‘ಸಂಪೂರ್ಣ ಅನುಭಾವ’.

ಈ ಕಾಗದವನ್ನು ರಥಬೀದಿಗೆ ತೆಗೆದುಕೊಂಡು ಹೋಗಿ ನೋಡಿ. ಕನಕನ ಕಿಂಡಿಯ ಮುಂದೆ ಕಣ್ಣೀರಿಡುತ್ತ ನಿಂತ ಮಾಧ್ವ ಅಜ್ಜಿಯೊಬ್ಬರ ಆನಂದವೆಲ್ಲ ಇರುವುದು ಕೃಷ್ಣ ತನ್ನಿಂದ ಬೇರೆ ಎಂಬುದರಲ್ಲಿ. ಅವನು ಸ್ವಾಮಿ, ತಾನು ದಾಸಿ. ಜೀವಕ್ಕೂ ಈಶ್ವರನಿಗೂ, ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡಕ್ಕೂ ಈಶ್ವರನಿಗೂ, ಜಡ ಜಡಕ್ಕೂ ಭೇದ ಸತ್ಯ ಎಂದು ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಸಾಧಿಸಿದ್ದು ಹದಿಮೂರನೆಯ ಶತಮಾನದಲ್ಲಿ. ಆ ಅಜ್ಜಿ ‘ಎಲ್ಲವೂ ಒಂದೇ’ ಎಂಬ ಪ್ರಶ್ನೆಗೆ ಸೊನ್ನೆ ಹಾಕುತ್ತಾರೆ, ಬಹುಶಃ ಸಿಟ್ಟಿನಿಂದಲೇ. ಬಾಲ್ಟಿಮೋರ್‌ನ ಲೆಕ್ಕದಲ್ಲಿ ಅವರಿಗೆ ಆದದ್ದು ಸಂಪೂರ್ಣ ಅನುಭಾವವಲ್ಲ. ಶೃಂಗೇರಿಯ ಕಡೆಯ ಪಂಡಿತರನ್ನು ಕೇಳಿದರೂ ಬಾಲ್ಟಿಮೋರ್‌ಗೆ ಸಮಾಧಾನ ಸಿಗುವುದಿಲ್ಲ: ಬೆಳಿಗ್ಗೆ ಹುಟ್ಟಿ ಸಂಜೆ ಮುಗಿಯುವ ಅನುಭವ ಬ್ರಹ್ಮಜ್ಞಾನ ಹೇಗಾದೀತು ಎನ್ನುತ್ತಾರೆ ಅವರು. ದ್ವೈತಿ ಒಪ್ಪುವುದಿಲ್ಲ, ಅದ್ವೈತಿಯೂ ಒಪ್ಪುವುದಿಲ್ಲ, ಇಬ್ಬರ ಕಾರಣಗಳೂ ಬೇರೆ ಬೇರೆ. ಮನುಷ್ಯಕುಲದ ಸಾಮಾನ್ಯ ಅನುಭವ ಎಂದು ಕರೆಸಿಕೊಳ್ಳುವ ಅಳತೆಗೋಲಿನಲ್ಲಿ ಒಂದು ದರ್ಶನದ ಪಕ್ಷಪಾತವಿದೆ. ಅದು ನಮ್ಮೂರಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಕ್ಯಾಲಿಫೋರ್ನಿಯದಲ್ಲಿ ಕಾಣುವುದಿಲ್ಲ. ಸ್ಟೀವನ್ ಕಾಟ್ಜ್ ಎಂಬ ವಿದ್ವಾಂಸರು 1978ರಲ್ಲೇ ಸ್ಟೇಸ್ ಅವರನ್ನು ಪ್ರಶ್ನಿಸಿದರು: ಯೆಹೂದಿ ಅನುಭಾವಿ ಕಾಣುವುದು ಯೆಹೂದಿಯಾಗಿ, ಬೌದ್ಧ ಕಾಣುವುದು ಬೌದ್ಧನಾಗಿ, ಸಂಪ್ರದಾಯವನ್ನು ಕಳಚಿದ ಬೆತ್ತಲೆ ಅನುಭವ ಎಂಬುದಿಲ್ಲ. ಆ ವಾದವನ್ನು ಮುಂದುವರಿಸಲು ಮಾಧ್ವ ವಾದಗ್ರಂಥಗಳಷ್ಟು ಹರಿತವಾದ ಸಾಮಗ್ರಿ ಬೇರೆಲ್ಲಿ ಸಿಕ್ಕೀತು?

ಇನ್ನೊಂದು ತೊಡಕು ವೈದ್ಯಳಾಗಿ ನನ್ನನ್ನು ಕಾಡುತ್ತದೆ. ಸೇವಿಸಿದವರು ‘ಇದು ನಿಜಕ್ಕಿಂತ ನಿಜ’ ಎನ್ನುತ್ತಾರೆ. ಸಾವಿನಂಚಿನ ಕ್ಯಾನ್ಸರ್ ರೋಗಿಯೊಬ್ಬ ಸಾವು ಕೊನೆಯಲ್ಲ ಎಂದು ಕಂಡುಕೊಂಡು ಶಾಂತನಾದರೆ, ಆ ಕಾಣ್ಕೆ ಸುಳ್ಳಾಗಿದ್ದರೂ ಅದನ್ನು ಕೊಡುವ ಹಕ್ಕು ವೈದ್ಯರಿಗಿದೆಯೇ? ಕ್ರಿಸ್ ಲೆಥೆಬಿ ಎಂಬ ಆಸ್ಟ್ರೇಲಿಯದ ತತ್ತ್ವಶಾಸ್ತ್ರಜ್ಞರ ವಾದ ಹೀಗೆ: ಗುಣವಾಗುವುದು ಪರಲೋಕದ ನಂಬಿಕೆಯಿಂದಲ್ಲ, ತನ್ನ ಬಗ್ಗೆ ತಾನು ಕಟ್ಟಿಕೊಂಡ ಚಿತ್ರ ಸಡಿಲವಾಗುವುದರಿಂದ, ಆದ್ದರಿಂದ ಸುಳ್ಳಿನ ಆರೋಪ ಅಷ್ಟಾಗಿ ತಟ್ಟುವುದಿಲ್ಲ. ನನಗೆ ಅರ್ಧ ಒಪ್ಪಿಗೆ. ಮಧ್ವರ ಶಾಸ್ತ್ರದಲ್ಲಿ ಅನುಭವದ ತೀವ್ರತೆ ಬೇರೆ, ಅದರ ಪ್ರಾಮಾಣ್ಯದ, ಎಂದರೆ ಅದು ನಿಜವೇ ಎಂಬುದರ, ನಿಶ್ಚಯ ಬೇರೆ. ಸಂಶಯ ಹುಟ್ಟಿದಲ್ಲಿ ಪರೀಕ್ಷೆ ಆಗಲೇಬೇಕು, ನಿಶ್ಚಯಿಸುವುದು ಸಾಕ್ಷಿ, ಅಂದರೆ ಒಳಗಿನಿಂದ ಅರಿಯುವ ಚೈತನ್ಯ. ಇದನ್ನು ಈ ಚರ್ಚೆಗೆ ಯಾರೂ ಸರಿಯಾಗಿ ತಂದದ್ದನ್ನು ನಾನು ಓದಿಲ್ಲ. ಪತಂಜಲಿ ಮಾತ್ರ ಒಂದೇ ಸೂತ್ರದಲ್ಲಿ ಮುಗಿಸಿಬಿಟ್ಟಿದ್ದಾರೆ. ಯೋಗಸೂತ್ರದ ಕೈವಲ್ಯಪಾದದ ಮೊದಲ ಸೂತ್ರದಲ್ಲಿ ಸಿದ್ಧಿಗಳು ಬರುವ ದಾರಿಗಳನ್ನು ಎಣಿಸುತ್ತಾರೆ: ಜನ್ಮ, ಔಷಧಿ, ಮಂತ್ರ, ತಪಸ್ಸು, ಸಮಾಧಿ. ಔಷಧಿಯನ್ನು ಅವರು ಅಲ್ಲಗಳೆಯಲೂ ಇಲ್ಲ, ಅದಕ್ಕೆ ಮಣೆ ಹಾಕಲೂ ಇಲ್ಲ. ವೇದದ ಸೋಮ ಯಾವ ಗಿಡ ಎಂಬ ಜಗಳಕ್ಕೆ ಮಾತ್ರ ನೀವು ಈ ವಯಸ್ಸಿನಲ್ಲಿ ಇಳಿಯಬೇಡಿ. 1968ರಲ್ಲಿ ಗಾರ್ಡನ್ ವಾಸನ್ ಅದನ್ನು ಕೆಂಪು ಟೋಪಿಯ ಅಣಬೆ ಎಂದರು, ಬೇರೆಯವರು ಎಫಿಡ್ರ ಎಂಬ ಪೊದೆ ಎಂದರು. ಅದರಲ್ಲಿ ಮುಳುಗಿದವರು ಬೇಗ ಮೇಲೆ ಬಂದದ್ದಿಲ್ಲ.

ಅದೇ ವಾಸನ್ ಸಂಸ್ಕೃತಿಯ ಅಧ್ಯಾಯದಲ್ಲಿಯೂ ಬರುತ್ತಾರೆ. ಅಮೆರಿಕದ ಈ ಬ್ಯಾಂಕರ್ 1955ರಲ್ಲಿ ಮೆಕ್ಸಿಕೊದ ಓಹಾಕ ಬೆಟ್ಟಗಳ ಊರಿನಲ್ಲಿ ಮರಿಯಾ ಸಬಿನಾ ಎಂಬ ಮಜಟೆಕ್ ಬುಡಕಟ್ಟಿನ ವೈದ್ಯೆ ನಡೆಸುವ ರಾತ್ರಿಯ ಅಣಬೆ ಆಚರಣೆಯಲ್ಲಿ ಪಾಲ್ಗೊಂಡು, 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದರು. ಆಕೆಯ ಹೆಸರು ಬದಲಿಸಿದ್ದರೂ ಗುಟ್ಟು ಉಳಿಯಲಿಲ್ಲ. ಹಿಂಡು ಹಿಂಡಾಗಿ ಪರದೇಶದ ಯುವಕರು ಬಂದರು, ಪೊಲೀಸರು ಬಂದರು, ಊರಿನವರು ಆಕೆಯ ಮೇಲೆ ತಿರುಗಿಬಿದ್ದರು, ಮನೆಗೆ ಬೆಂಕಿ ಬಿತ್ತು. ಆಕೆ ಅಣಬೆ ಕೊಡುತ್ತಿದ್ದದ್ದು ರೋಗಿಗಳಿಗಾಗಿ, ದೇವರನ್ನು ಹುಡುಕುವ ಪ್ರವಾಸಿಗಳಿಗಾಗಿ ಅಲ್ಲ. ಹೊರಗಿನಿಂದ ಬರೆಯಲು ಹೋಗುವ ಪ್ರತಿಯೊಬ್ಬರೂ ಈ ಕಥೆಯನ್ನು ಓದಿರಬೇಕು.

ನೀವು ನೋಡಿದ ವಿಡಿಯೊ ಕೂಡ ಅಂಥದ್ದೇ ಕೆಲಸ ಮಾಡಿದೆ ಎಂಬುದು ನನ್ನ ಅನುಮಾನ. ಕೋಲ ಕಟ್ಟುವವರು ಯಾವುದೋ ಗಿಡವೋ ಅಣಬೆಯೋ ತಿಂದು ದರ್ಶನ ತರಿಸಿಕೊಳ್ಳುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಕೆಲವು ದೈವಗಳಿಗೆ ಶೇಂದಿ ಅರ್ಪಿಸುವುದುಂಟು. ಅದಕ್ಕೂ ಸೈಕೆಡೆಲಿಕ್‌ಗಳಿಗೂ ಸಂಬಂಧವಿಲ್ಲ. ಕೋಲದ, ಅಂದರೆ ನೇಮದ ರಾತ್ರಿಯೊಂದನ್ನು ಪೂರ್ತಿ ಕುಳಿತು ನೋಡಿದ್ದೀರಾ, ಅಥವಾ ಊಟ ಮುಗಿಸಿ ಮನೆಗೆ ಬಂದಿದ್ದೀರಾ? ನಲಿಕೆ, ಪರವ ಅಥವಾ ಪಂಬದ ಸಮುದಾಯದ ಕಲಾವಿದ ಮೊದಲು ಎಣ್ಣೆ ಬೂಳ್ಯ (ಕೋಲಕ್ಕೆ ಮುನ್ನ ಕೊಡುವ ಎಣ್ಣೆ, ವೀಳ್ಯ) ಪಡೆಯುತ್ತಾನೆ. ಸ್ನಾನವಾಗಿ ಬಂದು ಚಾಪೆಯ ಮೇಲೆ ಕುಳಿತು ಮುಖಕ್ಕೆ ಅರದಾಳದ ಹಳದಿ ಹಚ್ಚಿಕೊಳ್ಳುವಾಗ ಮನೆಯ ಹೆಂಗಸೊಬ್ಬಳು ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತ ಆ ದೈವದ ಹುಟ್ಟಿನ ಕಥೆಯ ಹಾಡಾದ ಪಾಡ್ದನ ಹೇಳುತ್ತಾಳೆ. ಎಳೆಯ ತೆಂಗಿನ ಗರಿಯ ತಿರಿ ಸೊಂಟಕ್ಕೆ ಬರುತ್ತದೆ, ಬೆನ್ನಿಗೆ ಪ್ರಭಾವಳಿಯಂಥ ಅಣಿ ಏರುತ್ತದೆ. ಗಗ್ಗರವನ್ನು ಅಪ್ಪಣೆ ಪಡೆದೇ ಕಾಲಿಗೆ ಕಟ್ಟಬೇಕು. ಊರಿನ ದೊಡ್ಡ ಮನೆತನವಾದ ಗುತ್ತಿನವರು ಎದುರು ನಿಂತು ಮದಿಪು (ದೈವಕ್ಕೆ ಬಿನ್ನಹ) ಹೇಳುತ್ತಾರೆ, ತಾಸೆ ಡೋಲು ಏರುತ್ತವೆ, ಮೈ ನಡುಗುತ್ತದೆ. ಅಷ್ಟು ಹೊತ್ತು ಎಲ್ಲರ ಮನೆಯ ಕೆಲಸದಾಳಾಗಿದ್ದ ಮನುಷ್ಯ ಈಗ ನುಡಿ ಕೊಟ್ಟರೆ ಊರಿನ ದೊಡ್ಡವರು ಕೈಮುಗಿದು ತಲೆಬಗ್ಗಿಸುತ್ತಾರೆ. ಬಂದದ್ದು ದೈವವೇ ಎಂಬ ಪ್ರಶ್ನೆಗೆ ಉತ್ತರಿಸುವುದು ನನ್ನ ಕೆಲಸವಲ್ಲ. ಸೈಕೆಡೆಲಿಕ್ ಸಂಶೋಧಕರು ಅರವತ್ತು ವರ್ಷಗಳಿಂದ ‘ಮನಃಸ್ಥಿತಿ ಮತ್ತು ಸನ್ನಿವೇಶ’ ಎಂದು ಹೇಳುತ್ತ ಬಂದಿರುವ ಸಂಗತಿ ಇಲ್ಲಿ ಒಂದು ಮಿಲಿಗ್ರಾಂ ಔಷಧವೂ ಇಲ್ಲದೆ ಕೆಲಸ ಮಾಡುತ್ತಿದೆ ಎಂದಷ್ಟೇ ಹೇಳಬಲ್ಲೆ. ಮಾತ್ರೆಯಿಂದಲೇ ಎಲ್ಲವೂ ಎನ್ನುವವರಿಗೆ ಇದು ಉತ್ತರಿಸಬೇಕಾದ ಪ್ರಶ್ನೆ.

ತುಳು ಮಹಾಕಾವ್ಯದ ನಾಯಕಿ ಸಿರಿಯ ಹೆಸರಿನಲ್ಲಿ ನಡೆಯುವ ಸಿರಿ ಜಾತ್ರೆಯನ್ನು ಇನ್ನೂ ಗಮನವಿಟ್ಟು ನೋಡಿ. ಕವತ್ತಾರು, ನಂದಳಿಕೆ, ಹಿರಿಯಡಕದಂಥ ಆಲಡೆ ಎಂಬ ದೈವಸ್ಥಾನಗಳಲ್ಲಿ ಹೆಂಗಸರು ಗುಂಪಾಗಿ ಪಿಂಗಾರ (ಅಡಿಕೆಯ ಹೂಗೊಂಚಲು) ಹಿಡಿದು ಸಿರಿಯಾಗಿ ಮಾತನಾಡುತ್ತಾರೆ. ಹೊಸದಾಗಿ ಆವೇಶಕ್ಕೆ ಒಳಗಾದ ಹುಡುಗಿಯನ್ನು ಕುಮಾರ (ಸಿರಿಯ ಮಗನಾಗಿ ನಿಲ್ಲುವ ಗಂಡಸು) ಮತ್ತು ಹಿರಿಯ ಸಿರಿಗಳು ಮಾತನಾಡಿಸುತ್ತಾರೆ, ಅವಳು ಯಾರೆಂದು ಹೇಳಿಸುತ್ತಾರೆ, ಆ ದೊಡ್ಡ ಕುಟುಂಬದಲ್ಲಿ ಅವಳಿಗೊಂದು ಸ್ಥಾನ ಕೊಡುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಿಂದ ಇದರ ಬಗ್ಗೆ ಬರೆದಿದ್ದಾರೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಅವರ ತಂಡ 1998ರಲ್ಲಿ ಪ್ರಕಟಿಸಿತು. ಕೋಟ ಗ್ರಾಮದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿ 1976ರಲ್ಲಿ ಪುಸ್ತಕವಾಗಿ ತಂದ ಸಮೀಕ್ಷೆಯೂ ನಿಮ್ಮ ಮೇಜಿನ ಮೇಲಿರಬೇಕು. ಮನಸ್ಸಿಗೆ ತೊಂದರೆಯಾದರೆ ಅಲ್ಲಿಯವರು ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಜೊತೆಗೆ ಇಂಗ್ಲಿಷ್ ಡಾಕ್ಟರು, ಎಲ್ಲರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧಾಭಾಸ ಕಾಣುತ್ತಿರಲಿಲ್ಲ. ಇವತ್ತಿನ ನನ್ನ ಹೊರರೋಗಿ ವಿಭಾಗದಲ್ಲಿಯೂ ಅದೇ ಚಿತ್ರ, ಕೈಗೆ ಕಟ್ಟಿದ ನೂಲಿನ ಸಮೇತ.

ಭಾರತದಲ್ಲಿ ಸಾಧ್ಯವೇ ಎಂದಿರಿ. ಎನ್‌ಡಿಪಿಎಸ್ ಕಾಯ್ದೆಯ 8ನೆಯ ಸೆಕ್ಷನ್ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲನ್ನು ಮುಚ್ಚಿಲ್ಲ. ಆದರೆ ಪರವಾನಗಿಯ ದಾರಿ ಉದ್ದ. ಪ್ರಾಣಿಗಳ ಮೇಲಿನ ಸಂಶೋಧನೆ ನಡೆಯುತ್ತಿದೆ: ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ಪ್ರಯೋಗಾಲಯ ಡಿಒಐ ಎಂಬ ಸೈಕೆಡೆಲಿಕ್ ವಸ್ತು ಆತಂಕವನ್ನು ತಗ್ಗಿಸುವಾಗ ಮಿದುಳಿನ ಯಾವ ಕೋಶಗಳು ಪಾತ್ರ ವಹಿಸುತ್ತವೆ ಎಂದು ತೋರಿಸಿದೆ. ಮನುಷ್ಯರ ವಿಷಯದಲ್ಲಿ ಸದ್ಯಕ್ಕೆ ನಮ್ಮ ಮನೋವೈದ್ಯರ ಕೈಗೆಟುಕುವುದು ಕೀಟಮಿನ್. ಅರಿವಳಿಕೆಯ ಔಷಧವಾಗಿ ಹಳೆಯದು. ಬಗ್ಗದ ಖಿನ್ನತೆಗೆ ಆಸ್ಪತ್ರೆಯ ನಿಗಾದಲ್ಲಿ ಕೊಡಲಾಗುತ್ತಿದೆ.

ಯಾವ ವಿಷಯದಿಂದ ಹೊರಡಬೇಕು ಎಂಬುದಕ್ಕೆ ನನ್ನ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ. ನಾಲ್ಕನ್ನೂ ಒಟ್ಟಿಗೆ ಓದುವ ಪದವಿಯನ್ನು ಹುಡುಕಬೇಡಿ. ಒಂದರಲ್ಲಿ ಗಟ್ಟಿಯಾಗಿ ನಿಲ್ಲಿ, ಉಳಿದ ಮೂರರಲ್ಲಿ ಒಬ್ಬೊಬ್ಬ ಜಗಳಗಂಟ ಸ್ನೇಹಿತರನ್ನು ಸಂಪಾದಿಸಿ. ರೋಗಿಗೆ ಔಷಧ ಕೊಡುವ ಆಸೆಯಿದ್ದರೆ ಎಂಬಿಬಿಎಸ್ ಮತ್ತು ಎಂಡಿಗೆ ಪರ್ಯಾಯವಿಲ್ಲ, ಆ ಬಸ್ಸು ನಿಮಗೆ ಬಹುಶಃ ಹೊರಟುಹೋಗಿದೆ. ಮನಃಶಾಸ್ತ್ರದಲ್ಲೇ ಮುಂದುವರಿದು, ಚಿಕಿತ್ಸಾ ಮನಃಶಾಸ್ತ್ರದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ತರಬೇತಿ ಪಡೆಯುವುದು ನಿಮಗೆ ಸರಿಹೊಂದುವ ದಾರಿ. ಜೊತೆಗೆ ಸಂಖ್ಯಾಶಾಸ್ತ್ರವನ್ನು ಭಯಪಡದೆ ಕಲಿಯಿರಿ. ಈ ಕ್ಷೇತ್ರದಲ್ಲಿ ದಾರ್ಶನಿಕರು ಸಾಕಷ್ಟಿದ್ದಾರೆ, ಲೆಕ್ಕ ಸರಿಯಾಗಿ ನೋಡುವವರು ಕಡಿಮೆ. ತತ್ತ್ವಶಾಸ್ತ್ರಕ್ಕೆ ಸಂಸ್ಕೃತ ಪಾಠಶಾಲೆಯ ವಿದ್ವಾಂಸರೊಬ್ಬರ ಬಳಿ ವಾರಕ್ಕೊಮ್ಮೆ ಕುಳಿತರೆ ಎಷ್ಟೋ ತಿಳಿಯುತ್ತದೆ. ಜನಪದದ ಸಾಮಗ್ರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಉಡುಪಿ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನಾ ಕೇಂದ್ರ ಎರಡೂ ನಿಮ್ಮ ಬಸ್ ದಾರಿಯಲ್ಲೇ ಇವೆ.

ಅಪ್ಪನ ಬಳಿ ಸೈಕೆಡೆಲಿಕ್ ಎಂದು ಆರಂಭಿಸಬೇಡಿ. ಖಿನ್ನತೆಯ ಚಿಕಿತ್ಸೆಗಳನ್ನು ಹೇಗೆ ಪರೀಕ್ಷಿಸುತ್ತಾರೆ ಎಂದು ಓದುತ್ತಿದ್ದೇನೆ ಎನ್ನಿ, ಅದು ಸುಳ್ಳಲ್ಲ. ಆಮೇಲೆಯೂ ಗದರಿದರೆ ಈ ಉತ್ತರದ ಮೂರನೆಯ ಪ್ಯಾರಾವನ್ನು ಓದಿಸಿ. ಗಾಂಜಾದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ, ಎಲ್‌ಎಸ್‌ಡಿಯದ್ದು ಶುರುವಾಗಬಹುದು. ಅದಕ್ಕೆ ಎರಡನೆಯ ಪ್ಯಾರಾ ಇದೆ.

ಸ್ನಾತಕೋತ್ತರ ಪ್ರಬಂಧಕ್ಕೆ ಒಂದು ಕೆಲಸ ಸೂಚಿಸುತ್ತೇನೆ. ಇದಕ್ಕೆ ಔಷಧ ಬೇಡ, ಪರವಾನಗಿ ಬೇಡ. ಆ ಮೂವತ್ತು ಪ್ರಶ್ನೆಗಳನ್ನು ಕನ್ನಡದಲ್ಲೂ ತುಳುವಿನಲ್ಲೂ ಸಿದ್ಧಪಡಿಸಿಕೊಂಡು ಮೂರು ಬಗೆಯ ಜನರ ಬಳಿಗೆ ಹೋಗಿ: ಮಠದ ಭಜನೆಯಲ್ಲಿ ತಲ್ಲೀನರಾಗುವವರು, ಸಿರಿಯಾಗಿ ನಿಲ್ಲುವ ಹೆಂಗಸರು, ಧ್ಯಾನ ಶಿಬಿರಕ್ಕೆ ಹೋಗಿ ಬಂದ ಮಣಿಪಾಲದ ಎಂಜಿನಿಯರಿಂಗ್ ಹುಡುಗರು. ಅಂಕ ಹಾಕಿಸಿದರೆ ಸಾಲದು. ಪ್ರತಿ ಪ್ರಶ್ನೆ ಕೇಳಿದ ಮೇಲೆ ‘ನಿಮಗೆ ಇದರಿಂದ ಏನು ತಿಳಿಯಿತು, ಉತ್ತರ ಹೇಗೆ ಯೋಚಿಸಿದಿರಿ’ ಎಂದು ಕೇಳಿ ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಯಾವ ಪ್ರಶ್ನೆಗೆ ಯಾರು ಸಿಟ್ಟಾದರು, ಯಾರು ನಕ್ಕರು, ಯಾರು ‘ಇದನ್ನೆಲ್ಲ ಹೇಳಬಾರದು’ ಎಂದು ಎದ್ದು ಹೋದರು ಎಂಬುದನ್ನೂ ಬಿಡಬೇಡಿ. ಸಿರಿ ಜಾತ್ರೆಯ ಅಂಗಳದಲ್ಲಿ ಕಾಗದ ಪೆನ್ನು ತೆಗೆಯಬೇಡಿ. ಕೆಲವು ವಾರ ಬಿಟ್ಟು, ಮನೆಯಲ್ಲಿ, ಅವರು ಒಪ್ಪಿದ ಸಮಯಕ್ಕೆ ಹೋಗಿ. ಹೆಸರು, ಊರು, ಫೋಟೊ ಯಾವುದೂ ಪ್ರಬಂಧದಲ್ಲಿ ಬರಕೂಡದು. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮುಂಚೆ ಒಬ್ಬರನ್ನೂ ಮಾತನಾಡಿಸಬೇಡಿ. ಅರ್ಜಿ ಹಾಕುವಾಗ ತುಳು ಬಲ್ಲ ಸದಸ್ಯರೊಬ್ಬರು ಸಮಿತಿಯಲ್ಲಿರಲಿ ಎಂದು ನೀವಾಗಿಯೇ ಕೇಳಿಕೊಳ್ಳಿ.